ಸರ್ವರ್ ಬಿದ್ದಿರಲಿಲ್ಲ, ಕಾಯುತ್ತಿತ್ತು

ರಾತ್ರಿ ಎರಡು ಗಂಟೆ ಹತ್ತು ನಿಮಿಷ. ಸಕ್ಕರೆ ಕಾರ್ಖಾನೆಯ ತೂಕದ ಕಾಟಾದ ಮೇಲೆ ಟ್ರ್ಯಾಕ್ಟರು ನಿಂತಿದೆ, ಬೆನ್ನಿಗೆ ಎರಡು ಟ್ರೇಲರ್ ಕಬ್ಬು. ಕಿಟಕಿಯ ಒಳಗಿನ ಪರದೆಯಲ್ಲಿ ತೂಕ ಕಾಣುತ್ತಿದೆ, ಆದರೆ ಒತ್ತಿದರೆ ಸೇವ್ ಆಗುತ್ತಿಲ್ಲ. ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಾನೆ. ಅವನ ಹಿಂದಿನವನು ಇಳಿದು ಬಂದು ಮರಾಠಿಯಲ್ಲಿ ಕೇಳುತ್ತಾನೆ, ಆಪರೇಟರು ಕನ್ನಡದಲ್ಲಿ ಬೈಯುತ್ತಾನೆ. ಹತ್ತು ನಿಮಿಷ ಕಾದು ನನಗೆ ಫೋನು ಬರುತ್ತದೆ: "ಸರ್, ಸರ್ವರ್ ಕುಂತೈತ್ರಿ. ಕರೆಂಟಿಂದ ಏನರ ಆಗಿರಬೇಕ್ರಿ." ನಾನು ನಿದ್ದೆಗಣ್ಣಿನಲ್ಲೇ "ಬಟನ್ ಒತ್ತಿ ಆಫ್ ಮಾಡಿ ಆನ್ ಮಾಡ್ರಿ" ಎನ್ನುತ್ತೇನೆ. ಯಂತ್ರ ಏಳುತ್ತದೆ, ಪಾಳಿ ಮುಂದೆ ಸರಿಯುತ್ತದೆ. ಬೆಳಿಗ್ಗೆ ಲಾಗ್ ಬುಕ್ಕಿನ ಕಾರಣದ ಅಂಕಣದಲ್ಲಿ ಒಂದೇ ಪದ: ಕರೆಂಟ್.

ಒಂದೇ ಹಂಗಾಮಿನಲ್ಲಿ ಹೀಗೆ ಐದು ಸಲ ಆಯಿತು. ಕಾರ್ಖಾನೆಯ ಹೆಸರು ಬೇಡ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಯ ನೀರು ಹರಿದಲ್ಲೆಲ್ಲ ಕಬ್ಬಿದೆ, ಕಬ್ಬಿದ್ದಲ್ಲೆಲ್ಲ ಕಾಟಾಮನೆಯಿದೆ, ಹೆಸರು ಹೇಳಿದರೂ ಹೇಳದಿದ್ದರೂ ಕತೆ ಬದಲಾಗದು. ನಾನು ಈ ಭಾಗದ ಕೆಲವು ಸಂಸ್ಥೆಗಳ ಸರ್ವರ್ ನೋಡಿಕೊಳ್ಳುವವನು. ಕರೆಂಟಿನ ಮಾತನ್ನು ನಾಲ್ಕು ಸಲ ನಾನೂ ನಂಬಿದ್ದೆ. ಐದನೆಯ ಸಲ ನಾಚಿಕೆಯಾಯಿತು, ಏಕೆಂದರೆ ಐದು ಸಲವೂ ಗಡಿಯಾರ ಎರಡರ ಆಸುಪಾಸಿನಲ್ಲೇ ಇತ್ತು. ಕರೆಂಟು ಅಷ್ಟು ಸಮಯಪಾಲನೆ ಮಾಡುವುದನ್ನು ನಮ್ಮ ಕಡೆ ಯಾರೂ ಕಂಡಿಲ್ಲ.

ಎರಡು ಗಂಟೆಗೆ ಆ ಯಂತ್ರದಲ್ಲಿ ನಡೆಯುತ್ತಿದ್ದ ಕೆಲಸ ಒಂದೇ: ನಿಗದಿಯಾದ ಸ್ನ್ಯಾಪ್‌ಶಾಟ್. ಅಂದರೆ ಡಿಸ್ಕಿನ ಮೇಲಿನ ಇಡೀ ಫೈಲ್ ಸಿಸ್ಟಂ ಆ ಕ್ಷಣದಲ್ಲಿ ಹೇಗಿದೆಯೋ ಹಾಗೆ ಹಿಡಿದಿಡುವುದು. ಅದನ್ನು ನಿಗದಿ ಮಾಡಿದವನೂ ನಾನೇ. ಆದರೆ ಅದರ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಈ ಕಸುಬಿನಲ್ಲಿ ಎಲ್ಲರೂ ಒಪ್ಪಿಕೊಂಡು ಬಂದ ಮಾತೊಂದಿದೆ: ಸ್ನ್ಯಾಪ್‌ಶಾಟ್ ಅಂದರೆ ಫೋಟೊ, ಫೋಟೊ ತೆಗೆದರೆ ಯಾರಿಗೂ ನೋವಾಗದು. ನನ್ನ ತಕರಾರು ಈ ಮಾತಿನ ಮೇಲೆ. ಕರೆಂಟಿನ ಮೇಲೆ ಹೊರಿಸುವ ರೂಢಿ, ರಾತ್ರಿ ಯಾರೂ ಇರುವುದಿಲ್ಲವೆಂಬ ಲೆಕ್ಕ, ತೊಂದರೆ ಕೊಟ್ಟರೆ ಸ್ನ್ಯಾಪ್‌ಶಾಟನ್ನೇ ನಿಲ್ಲಿಸಿಬಿಡುವ ಉಪಾಯ, ಇವೆಲ್ಲ ಆ ಮಾತಿನ ಬಾಲಗಳು.

ಫೋಟೊ ಎಂಬ ಹೋಲಿಕೆ ನಮ್ಮ ಕಡೆಗೆ ಹೊಂದುವುದಿಲ್ಲ. ಹೊಂದುವ ಹೋಲಿಕೆ ಬೇಕಾದರೆ ಕುಲಕರ್ಣಿಯ ದಫ್ತರ ನೋಡಬೇಕು. ಮುಂಬಯಿ ಸರ್ಕಾರದ 1950ರ ಕಾಯ್ದೆ ಕುಲಕರ್ಣಿ ವತನವನ್ನು ತೆಗೆದುಹಾಕುವವರೆಗೂ ಊರಿನ ಲೆಕ್ಕವೆಲ್ಲ ಆ ಕೆಂಪು ಬಟ್ಟೆಯ ಗಂಟಿನಲ್ಲಿತ್ತು. ರಾಯಬಾಗದಂಥ ಕಡೆ ಅದು ಕೊಲ್ಹಾಪುರ ಸಂಸ್ಥಾನದ ದಫ್ತರ, ಚಿಕ್ಕೋಡಿ ಅಥಣಿಗಳಲ್ಲಿ ಬ್ರಿಟಿಷರದು, ಪದ್ಧತಿಯಲ್ಲಿ ಬಹಳ ವ್ಯತ್ಯಾಸವಿರಲಿಲ್ಲ. ಈಗ ಊಹಿಸಿಕೊಳ್ಳಿ: ಮೇಲಿನ ಅಧಿಕಾರಿ ತಪಾಸಣೆಗೆ ಬಂದಿದ್ದಾನೆ, ಇವತ್ತಿನ ಈ ಗಳಿಗೆಯ ಲೆಕ್ಕ ನೋಡಬೇಕು ಎನ್ನುತ್ತಾನೆ. ಆದರೆ ಚಾವಡಿಗೆ ರೈತರು ಬರುತ್ತಲೇ ಇದ್ದಾರೆ, ವಸೂಲಿ ನಡೆಯುತ್ತಲೇ ಇದೆ. ಏನು ಮಾಡಬೇಕು?

ಮೊದಲು "ಲೇಖಣಿ ಕೆಳಗಿಡ್ರಿ" ಎನ್ನಬೇಕು. ಅರ್ಧ ಬರೆದ ಸಾಲಿದ್ದರೆ ಪೂರ್ತಿ ಮಾಡಿ, ಶಾಯಿ ಒಣಗಿಸಿ, ಕೈ ಎತ್ತಬೇಕು. ಲಿನಕ್ಸಿನಲ್ಲಿ ಇದಕ್ಕೆ ಫ್ರೀಜ್ ಎನ್ನುತ್ತಾರೆ. ಅಷ್ಟಾದ ಮೇಲೆ ವಹಿಯ ಪಕ್ಕದಲ್ಲಿ ಒಂದು ಖಾಲಿ ನಕಲು ವಹಿ ಇಡಬೇಕು, ಆಮೇಲೆ "ಬರೀರಿ" ಎನ್ನಬೇಕು. ಇನ್ನು ಮುಂದೆ ಕುಲಕರ್ಣಿ ಯಾವ ಹಳೆಯ ಸಾಲನ್ನು ತಿದ್ದಬೇಕಾದರೂ, ಮೊದಲು ಆ ಸಾಲನ್ನು ಇದ್ದ ಹಾಗೆ ನಕಲು ವಹಿಗೆ ಎತ್ತಿ ಬರೆದು, ಬಳಿಕ ಮೂಲದಲ್ಲಿ ತಿದ್ದಬೇಕು. ತಪಾಸಣೆಯವನಿಗೆ ಎರಡೂ ವಹಿ ಜೋಡಿಸಿ ಓದಿದರೆ ಲೇಖಣಿ ಕೆಳಗಿಟ್ಟ ಗಳಿಗೆಯ ಲೆಕ್ಕ ಸಿಗುತ್ತದೆ. ಲಿನಕ್ಸಿನಲ್ಲಿ ಡಿಸ್ಕನ್ನು ಪಾಲು ಮಾಡಿಕೊಡುವ ಎಲ್‌ವಿಎಂನ ಹಳೆಯ ಮಾದರಿಯ ಸ್ನ್ಯಾಪ್‌ಶಾಟು ಹೆಚ್ಚುಕಡಿಮೆ ಹೀಗೇ ನಡೆಯುವುದು.

ಇದರಲ್ಲಿ ಫೋಟೊ ಎಲ್ಲಿದೆ? ಒಂದು ಗಳಿಗೆಯ ಮೌನ, ಆಮೇಲೆ ದಿನವಿಡೀ ದುಪ್ಪಟ್ಟು ಬರವಣಿಗೆ. ಲೆಕ್ಕ ತೆಗೆದವನಿಗೆ ಅದು ಕ್ಷಣದ ಕೆಲಸ, ಬರೆಯುವವನಿಗೆ ತಪಾಸಣೆ ಮುಗಿಯುವ ತನಕ ಹೊರೆ. ನಕಲು ವಹಿಯ ಹಾಳೆಗಳಿಗೂ ಮಿತಿಯಿದೆ. ಅದು ತುಂಬಿದರೆ ಎಲ್‌ವಿಎಂನಲ್ಲಿ ಆ ಸ್ನ್ಯಾಪ್‌ಶಾಟ್ ಪೂರ್ತಿ ಕೆಟ್ಟಿತು ಎಂದೇ ಲೆಕ್ಕ, ಕಡೆಯ ಹಾಳೆಯಷ್ಟೇ ಅಲ್ಲ. ಪುಣ್ಯಕ್ಕೆ ಮೂಲ ವಹಿಗೆ ಏನೂ ಆಗುವುದಿಲ್ಲ. ಹೊಸ ಮಾದರಿಯ ಥಿನ್ ಪೂಲ್‌ನಲ್ಲಿ ಆ ಪುಣ್ಯವೂ ಇಲ್ಲ: ಅಲ್ಲಿ ಮೂಲ, ನಕಲು ಎರಡಕ್ಕೂ ಹಾಳೆ ಒಂದೇ ಗಂಟಿನಿಂದ. ಗಂಟು ಬರಿದಾದರೆ ಬರೆಯುವ ಕೋರಿಕೆಗಳು 60 ಸೆಕೆಂಡು ಕಾದು, ಆಮೇಲೆ ದೋಷವಾಗಿ ಮರಳುತ್ತವೆ, ಡೇಟಾಬೇಸು ಮುಗ್ಗರಿಸುತ್ತದೆ. ಗಂಟು ತಾನಾಗಿ ಬೆಳೆಯುವ ಏರ್ಪಾಡಿದೆ, ಆದರೆ ಅದರ ಹೊಸ್ತಿಲನ್ನು ಮೂಲ ಸೆಟ್ಟಿಂಗಿನಲ್ಲಿ 100 ಎಂದಿಟ್ಟಿರುತ್ತಾರೆ. ಅಂದರೆ, ಬೆಳೆಯಬೇಡ ಎಂದರ್ಥ. ಎಷ್ಟು ಜನ ಆ ಫೈಲು ತೆರೆದು ನೋಡಿರುತ್ತಾರೋ!

ಎಲ್ಲ ಸ್ನ್ಯಾಪ್‌ಶಾಟೂ ಹೀಗೆ ದುಡಿಸುವುದಿಲ್ಲ. 1994ರಲ್ಲಿ ನೆಟ್‌ಆ್ಯಪ್‌ನವರು ಜಗತ್ತಿನ ಮುಂದಿಟ್ಟ ವಾಫಲ್ ಎಂಬ ಫೈಲ್ ಸಿಸ್ಟಂ, 2005ರಲ್ಲಿ ಸನ್ ಕಂಪನಿಯಿಂದ ಬಂದ ಝಡ್‌ಎಫ್‌ಎಸ್, ಇವು ಬರೆದ ಸಾಲನ್ನು ಅಲ್ಲೇ ತಿದ್ದುವುದೇ ಇಲ್ಲ, ಪ್ರತಿ ಸಲ ಹೊಸ ಹಾಳೆಯಲ್ಲೇ ಬರೆಯುತ್ತವೆ. ಹಳೆಯ ಹಾಳೆಯನ್ನು ಹರಿಯದೆ ಇಟ್ಟುಕೊಂಡರೆ ಅದೇ ಸ್ನ್ಯಾಪ್‌ಶಾಟ್. ಅಲ್ಲಿ ಅದು ನಿಜಕ್ಕೂ ಹಗುರ. ಆ ಹಗುರತನದ ಕೀರ್ತಿಯನ್ನೇ ನಂಬಿಕೊಂಡು ನಾವು ಎಲ್ಲ ಜಾತಿಯ ಸ್ನ್ಯಾಪ್‌ಶಾಟಿಗೂ ಒಂದೇ ಹೆಸರಿಟ್ಟು, ಒಂದೇ ಗುಣ ಹೊರಿಸಿದೆವು.

ಈಗ ಕರೆಂಟಿನ ವಿಷಯ. ಅದನ್ನು ನಂಬುವವರು ದಡ್ಡರಲ್ಲ. ರಾತ್ರಿ ಹೊಲದ ಪಂಪುಗಳಿಗೆ ತ್ರೀ ಫೇಸ್ ಬಂದೊಡನೆ ಊರಿನ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೆ ಎಳೆದು ದೀಪ ಮಂಕಾಗುವುದನ್ನು ನೋಡುತ್ತ ಬೆಳೆದವರು ನಾವು. ಹೊಡೆತ ತಿಂದ ಟಿವಿ, ಸುಟ್ಟ ಮೋಟರು ಪ್ರತಿ ಮನೆಯಲ್ಲೂ ಸಾಕ್ಷಿಯಾಗಿವೆ. ಆದರೆ ಸಕ್ಕರೆ ಕಾರ್ಖಾನೆಗೆ ಈ ಸಾಕ್ಷ್ಯ ಸಲ್ಲದು. ಹಂಗಾಮಿನಲ್ಲಿ ಅದು ಬಗ್ಯಾಸ್, ಅಂದರೆ ಕಬ್ಬಿನ ಸಿಪ್ಪೆ, ಸುಟ್ಟು ತನ್ನ ಕರೆಂಟು ತಾನೇ ಮಾಡಿಕೊಳ್ಳುತ್ತದೆ, ಕೋ-ಜನರೇಷನ್ ಇದ್ದರೆ ಉಳಿದದ್ದನ್ನು ಗ್ರಿಡ್ಡಿಗೆ ಮಾರುತ್ತದೆ. ಕರೆಂಟು ಮಾರುವ ಮನೆಯಲ್ಲಿ ಕರೆಂಟಿಲ್ಲದೆ ಸರ್ವರ್ ಸತ್ತಿತೆಂಬ ವರದಿಗೆ ನಾವು ನಾಲ್ಕು ಸಲ ಸಹಿ ಹಾಕಿದ್ದೆವು.

ಸಹಿ ಹಾಕಿದ್ದಕ್ಕೆ ನಮ್ಮ ಹತ್ತಿರವಿದ್ದ ದೊಡ್ಡ ಆಧಾರ ಲಾಗ್ ಫೈಲು. ತೆರೆದು ನೋಡಿದರೆ ಎರಡು ಗಂಟೆಯ ತನಕ ಸಾಲು ಸಾಲು ದಾಖಲೆ, ಆಮೇಲೆ ಏನೂ ಇಲ್ಲ, ನೇರ ಮರುಪ್ರಾರಂಭದ ಸಾಲುಗಳು. ದೋಷದ ಒಂದು ಪದವೂ ಇಲ್ಲ. ನೋಡಿದವರೆಲ್ಲ ಹೇಳುವುದು ಒಂದೇ: ಕತ್ತರಿ ಹಾಕಿದ ಹಾಗೆ ನಿಂತಿದೆಯೆಂದರೆ ಪವರ್ ಹೋದದ್ದೇ. ಈ ತರ್ಕ ಎಷ್ಟು ನುಣುಪಾಗಿದೆಯೆಂದರೆ ಅದರ ಬಿರುಕು ಕಾಣಲು ನನಗೆ ಎರಡು ತಿಂಗಳು ಬೇಕಾಯಿತು. ಲಾಗ್ ಫೈಲು ಇರುವುದು ಎಲ್ಲಿ? ಅದೇ ಡಿಸ್ಕಿನಲ್ಲಿ. ಫ್ರೀಜ್ ಆದದ್ದು ಯಾವುದು? ಅದೇ ಡಿಸ್ಕು. ಲೇಖಣಿ ಕಿತ್ತುಕೊಂಡವನಿಗೆ "ಏನಾಯಿತು ಬರೆದುಕೊಡು" ಎಂದು ಕೇಳಿದ ಹಾಗೆ. ಪವರ್ ಹೋದರೂ ಲಾಗ್ ಹೀಗೇ ನಿಲ್ಲುತ್ತದೆ, ಫ್ರೀಜ್ ಬಿಡದೆ ಹೋದರೂ ಹೀಗೇ ನಿಲ್ಲುತ್ತದೆ. ಎರಡಕ್ಕೂ ಒಂದೇ ಆಗಿರುವ ಕುರುಹು ಯಾವ ಒಂದಕ್ಕೂ ಪುರಾವೆಯಲ್ಲ.

ಬೇರೆ ಮಾಡಿ ತೋರಿಸುವ ಕುರುಹುಗಳು ಬೇರೆಯೇ ಇವೆ, ಮತ್ತು ಅವು ಬಡವರ ಪರೀಕ್ಷೆಗಳು. ಪಕ್ಕದ ಕಂಪ್ಯೂಟರಿನಿಂದ ಪಿಂಗ್ ಮಾಡಿ. ಪವರ್ ಹೋದ ಯಂತ್ರ ಉತ್ತರಿಸುವುದಿಲ್ಲ. ನಮ್ಮದು ಉತ್ತರಿಸುತ್ತಿತ್ತು! ಲಾಗಿನ್ ಆಗಲು ಹೋದರೆ ಮಾತ್ರ ನಿಂತುಬಿಡುತ್ತಿತ್ತು, ಏಕೆಂದರೆ ಯಾರು ಯಾವಾಗ ಒಳಗೆ ಬಂದರೆಂದು ಬರೆದಿಡಲು ಅದಕ್ಕೆ ಡಿಸ್ಕು ಬೇಕು. ಕಾಟಾದ ಪರದೆಯಲ್ಲಿ ತೂಕ ಕಾಣುತ್ತ ಸೇವ್ ಆಗದೇ ಇದ್ದದ್ದು ಇದಕ್ಕೇ: ಫ್ರೀಜ್ ಆದ ಫೈಲ್ ಸಿಸ್ಟಂ ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಆಪರೇಟರು ಮೊದಲ ರಾತ್ರಿಯೇ ಇದನ್ನು ಹೇಳಿದ್ದ, "ಕಾಣತೈತ್ರಿ, ಕೂಡ್ರವಲ್ದು" ಎಂದಿದ್ದ. ರೋಗದ ಹೆಸರನ್ನೇ ಹೇಳಿದ್ದ. ನಾನು ಕೇಳಿಸಿಕೊಳ್ಳಲಿಲ್ಲ.

ಆರನೆಯ ಸಲಕ್ಕೆ ಕಾದು ಕೂತೆ. ಸರ್ವರಿಗೆ ಒಂದು ಹಳೆಯ ಮಾನಿಟರು ಸಿಕ್ಕಿಸಿದೆ, ಕರ್ನಲ್ಲಿನ ಮಾತುಗಳನ್ನು ಡಿಸ್ಕಿಗಲ್ಲದೆ ನೆಟ್‌ವರ್ಕಿನ ಮೂಲಕ ಇನ್ನೊಂದು ಯಂತ್ರಕ್ಕೆ ಕಳಿಸುವ ನೆಟ್‌ಕನ್ಸೋಲ್ ಹಚ್ಚಿದೆ. ಎರಡು ಗಂಟೆ ದಾಟಿ ಕೆಲ ನಿಮಿಷಕ್ಕೆ ಸಾಲುಗಳು ಬಂದವು: ಇಂಥ ಪ್ರಕ್ರಿಯೆ 120 ಸೆಕೆಂಡಿಗಿಂತ ಹೆಚ್ಚು ಕಾಲ ತಡೆಹಿಡಿಯಲ್ಪಟ್ಟಿದೆ, ಇಂಥದ್ದೂ, ಇಂಥದ್ದೂ. ಡೇಟಾಬೇಸು, ಲಾಗ್ ಬರೆಯುವವನು, ಕಡೆಗೆ ನನ್ನದೇ ಸ್ನ್ಯಾಪ್‌ಶಾಟ್ ಸ್ಕ್ರಿಪ್ಟು. ಕಳ್ಳನ ಸಾಲಿನಲ್ಲಿ ಕಾವಲುಗಾರನೂ ನಿಂತಿದ್ದ.

ಆ ಸ್ಕ್ರಿಪ್ಟು ಸಾದಾ. ಫ್ರೀಜ್ ಮಾಡು, ಸ್ಟೋರೇಜ್ ಪೆಟ್ಟಿಗೆಗೆ ಸ್ನ್ಯಾಪ್‌ಶಾಟ್ ತೆಗೆಯಲು ಹೇಳು, ಅದು ಮುಗಿಯಿತೆಂದರೆ ಫ್ರೀಜ್ ಬಿಡು. ನಡುವೆ ಒಂದು ಜಾಣತನ ಸೇರಿಸಿದ್ದೆ: ಪೆಟ್ಟಿಗೆ ಹತ್ತು ಸೆಕೆಂಡಿಗಿಂತ ತಡ ಮಾಡಿದರೆ ಲಾಗ್ ಫೈಲಿನಲ್ಲಿ ಎಚ್ಚರಿಕೆಯ ಒಂದು ಸಾಲು ಬರೆ. ಯಾವ ಲಾಗ್ ಫೈಲು? ಫ್ರೀಜ್ ಆದ ಡಿಸ್ಕಿನ ಮೇಲಿನದು. ಎಲ್ಲ ಸುಸೂತ್ರವಿದ್ದ ರಾತ್ರಿ ಸ್ಕ್ರಿಪ್ಟು ಏನೂ ಬರೆಯುವುದಿಲ್ಲ, ಹಾಗಾಗಿ ಏನೂ ಆಗುವುದಿಲ್ಲ. ತಡವಾದ ರಾತ್ರಿ ಅದು "ತಡವಾಗಿದೆ" ಎಂದು ಬರೆಯಲು ಹೋಗಿ ಅಲ್ಲೇ ನಿಲ್ಲುತ್ತದೆ, ಫ್ರೀಜ್ ಬಿಡುವ ಮುಂದಿನ ಸಾಲಿಗೆ ಬರುವುದೇ ಇಲ್ಲ. ಬೀಗ ಹಾಕಿ ಕೀಲಿಕೈಯನ್ನು ಒಳಗೇ ಇಟ್ಟ ಕತೆ. ಲಿನಕ್ಸಿನ ಈ ಫ್ರೀಜಿಗೆ ತನ್ನದೇ ಕಾಲಮಿತಿ ಇಲ್ಲ, ಬಿಡು ಎನ್ನುವವರೆಗೂ ಬಿಡದು. ವಿಂಡೋಸಿನ ಶ್ಯಾಡೋ ಕಾಪಿ ವ್ಯವಸ್ಥೆ ಈ ವಿಷಯದಲ್ಲಿ ಲೋಕಜ್ಞಾನವುಳ್ಳದ್ದು: ಬರವಣಿಗೆಯನ್ನು 10 ಸೆಕೆಂಡಿನೊಳಗೆ ಬಿಡಿಸಲಾಗದಿದ್ದರೆ ಸ್ನ್ಯಾಪ್‌ಶಾಟನ್ನೇ ಕೈಬಿಟ್ಟು ದೋಷವೆಂದು ಹೇಳಿ ಮುಂದೆ ಹೋಗುತ್ತದೆ.

ಹಾಗಿದ್ದರೆ ತಡವಾಗುತ್ತಿದ್ದದ್ದು ಯಾಕೆ, ಅದೂ ಕೆಲವೇ ರಾತ್ರಿ? ಲಾಗ್ ಬುಕ್ಕಿನ ತಾರೀಕುಗಳನ್ನು ಲೆಕ್ಕದ ವಿಭಾಗದವರ ಮುಂದಿಟ್ಟಾಗ ಅವರು ನೋಡಿದ ಕೂಡಲೇ ಹೇಳಿದರು: "ಇವೆಲ್ಲ ಬಿಲ್ಲಿನ ರಾತ್ರಿಗಳಲ್ಲೇನ್ರಿ?" 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ಹಣ ಸಲ್ಲಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ. ಹಣ ನಿಜಕ್ಕೂ ಆ ಹೊತ್ತಿಗೆ ಕೈಸೇರುತ್ತದೆಯೇ ಎಂಬುದು ಬೇರೆ ಜಗಳ, ಆದರೆ ಪಾಕ್ಷಿಕ ಬಿಲ್ಲಿನ ಪಟ್ಟಿ ಮಾತ್ರ ತಯಾರಾಗಲೇಬೇಕು. ಸಾವಿರಾರು ರೈತರ ತೂಕ, ಕಟಾವಿನ ಖರ್ಚು, ಸಾಗಣೆ, ಸಾಲದ ಕಡಿತ ಎಲ್ಲವನ್ನೂ ಕೂಡಿಸಿ ಕಳೆಯುವ ಆ ವರದಿ ರಾತ್ರಿಯಿಡೀ ಡಿಸ್ಕನ್ನು ಉಜ್ಜುತ್ತಿರುತ್ತದೆ. ಆ ರಾತ್ರಿ ಪೆಟ್ಟಿಗೆಗೆ ಉಸಿರಾಡಲು ಪುರಸೊತ್ತಿಲ್ಲ, ಹತ್ತು ಸೆಕೆಂಡು ದಾಟುವುದು ಸಹಜ.

ನಮ್ಮ ಭಾಗದ ಇನ್ನೊಂದು ಕಡೆ ಇದೇ ಬಗೆಯ ವರದಿ ಬೇರೆ ದಾರಿಯಿಂದ ಕುತ್ತಿಗೆ ಹಿಡಿದದ್ದನ್ನು ಕಂಡಿದ್ದೇನೆ. ಅಲ್ಲಿ ಸ್ನ್ಯಾಪ್‌ಶಾಟಿಗೆ ಮೊದಲು ಮೈಎಸ್‌ಕ್ಯೂಎಲ್‌ನ ಎಲ್ಲ ಕೋಷ್ಟಕಗಳಿಗೆ ಓದು-ಬೀಗ ಹಾಕುತ್ತಿದ್ದರು. ಓಡುತ್ತಿರುವ ದೊಡ್ಡ ಪ್ರಶ್ನೆ ಮುಗಿಯದೆ ಬೀಗ ಬೀಳುವುದಿಲ್ಲ, ಬೀಗ ಕಾಯುತ್ತಿರುವಾಗ ಹಿಂದೆ ಬಂದ ಬರವಣಿಗೆಗಳೆಲ್ಲ ಅದರ ಬೆನ್ನಿಗೆ ಸಾಲು ನಿಲ್ಲುತ್ತವೆ. ಹೊರಗಿನಿಂದ ನೋಡಿದವರಿಗೆ ಅದೂ "ಸರ್ವರ್ ಕುಂತೈತಿ." ತಿಂಗಳಿಗೊಮ್ಮೆ ಮಾತ್ರ ಬಳಲುವ ಯಂತ್ರಕ್ಕೆ ಅಮಾಸಿಯ ನೆವ ಹೇಳಿದವರೂ ಸಿಕ್ಕಿದ್ದಾರೆ. ಡೆಬಿಯನ್ ಲಿನಕ್ಸು ರೇಡ್ ಡಿಸ್ಕುಗಳ ತಪಾಸಣೆಯನ್ನು ತಿಂಗಳ ಮೊದಲ ಭಾನುವಾರ ರಾತ್ರಿ 12 ಗಂಟೆ 57 ನಿಮಿಷಕ್ಕೆ ತಾನಾಗಿ ಶುರುಮಾಡುವ ಸಂಪ್ರದಾಯ ಇಟ್ಟುಕೊಂಡಿತ್ತು. ಅದು ಎರಡರ ಸ್ನ್ಯಾಪ್‌ಶಾಟಿನ ಮೇಲೆ ಬಂದು ಬೀಳುತ್ತಿತ್ತು. ಚಂದ್ರನಿಗೆ ಅದರಲ್ಲಿ ಪಾತ್ರವಿಲ್ಲ.

ಫೈಲಿನ ಒಳಗೆ ಫೈಲ್ ಸಿಸ್ಟಂ ಇಟ್ಟುಕೊಂಡ ಸರ್ವರುಗಳದು ಇನ್ನೊಂದು ಸೊಗಸು. ಸುರಕ್ಷತೆಗೆಂದು ತಾತ್ಕಾಲಿಕ ಫೋಲ್ಡರನ್ನು ಒಂದು ದೊಡ್ಡ ಫೈಲಿನೊಳಗೆ ಕಟ್ಟಿರುತ್ತಾರೆ. ಹೊರಗಿನದನ್ನು ಮೊದಲು ಫ್ರೀಜ್ ಮಾಡಿ ಒಳಗಿನದಕ್ಕೆ ಆಮೇಲೆ ಕೈ ಹಾಕಿದರೆ, ಒಳಗಿನದು ತನ್ನ ಬಾಕಿ ಬರಹವನ್ನು ಹೊರಗೆ ಇಳಿಸಲಾರದೆ ನಿಲ್ಲುತ್ತದೆ. ವೆಬ್ ಹೋಸ್ಟಿಂಗ್ ಸರ್ವರುಗಳು ಬ್ಯಾಕಪ್ಪಿನ ವೇಳೆ ನೇತಾಡುವುದಕ್ಕೆ ಇದು ಹಳೆಯ, ಪರಿಚಿತ ಕಾರಣ.

ತಪ್ಪು ಯಾವಾಗಲೂ ನಮ್ಮಂಥ ಊರಿನ ಮೆಕ್ಯಾನಿಕ್ಕುಗಳದೇ ಎಂದು ಭಾವಿಸಬೇಕಿಲ್ಲ. ಫ್ರೀಬಿಎಸ್‌ಡಿ ಎಂಬ ಗೌರವಸ್ಥ ವ್ಯವಸ್ಥೆಯ ಕತೆ ಕೇಳಿ. ಅದರ ಯುಎಫ್‌ಎಸ್ ಫೈಲ್ ಸಿಸ್ಟಂಗೆ ಸ್ನ್ಯಾಪ್‌ಶಾಟ್ ತಂದವರು ಮಾರ್ಷಲ್ ಕರ್ಕ್ ಮೆಕ್ಯೂಸಿಕ್, ಆ ವಿದ್ಯೆಯಲ್ಲಿ ಗುರುಸ್ಥಾನದಲ್ಲಿರುವವರು. 2012ರ ಜನವರಿಯಲ್ಲಿ ಬಂದ 9.0 ಆವೃತ್ತಿ ಅದೇ ಫೈಲ್ ಸಿಸ್ಟಂಗೆ ಜರ್ನಲ್ ಸೇರಿಸಿತು. ಕರೆಂಟು ಹೋದರೂ ಯಂತ್ರ ಬೇಗ ಏಳಲಿ ಎಂಬುದು ಉದ್ದೇಶ. ಎರಡೂ ಒಳ್ಳೆಯವೇ, ಕೂಡಿದಾಗ ಮಾತ್ರ ಒಗ್ಗಲಿಲ್ಲ: ಜರ್ನಲ್ ಇದ್ದ ಡಿಸ್ಕಿನ ಮೇಲೆ ಸ್ನ್ಯಾಪ್‌ಶಾಟ್ ತೆಗೆಯಲು ಹೋದರೆ ಯಂತ್ರ ಸ್ತಬ್ಧವಾಗುತ್ತಿತ್ತು, ಇಲ್ಲವೇ ಕುಸಿಯುತ್ತಿತ್ತು. ಆಮೇಲೆ ಅಂಥ ಡಿಸ್ಕಿನ ಮೇಲೆ ಸ್ನ್ಯಾಪ್‌ಶಾಟನ್ನು ನಿರಾಕರಿಸುವಂತೆ ಮಾಡಿದರು. ಎರಡೂ ಒಟ್ಟಿಗೆ ಬಾಳುವಂತಾದದ್ದು 2023ರ 13.2 ಆವೃತ್ತಿಯಲ್ಲಿ. ಹನ್ನೊಂದು ವರ್ಷ! ಅಷ್ಟು ಕಾಲ ಜಗತ್ತಿನ ಎಷ್ಟು ಲಾಗ್ ಬುಕ್ಕುಗಳಲ್ಲಿ ಕರೆಂಟಿನ ಹೆಸರು ಸೇರಿತೋ.

ಇನ್ನು "ರಾತ್ರಿ ಎರಡಕ್ಕೆ ಇಡಿ, ಯಾರೂ ಇರುವುದಿಲ್ಲ" ಎಂಬ ಶಿಫಾರಸು. ಇದು ಪುಸ್ತಕದಲ್ಲಿದೆ, ಕೊಲ್ಹಾಪುರ ಬೆಳಗಾವಿಯಿಂದ ಬರುವ ಮಾರಾಟಗಾರರ ಬಾಯಲ್ಲಿದೆ, ಸಾಫ್ಟ್‌ವೇರಿನ ಮೂಲ ಸೆಟ್ಟಿಂಗಿನಲ್ಲೂ ಇದೆ. ಹತ್ತರಿಂದ ಐದರವರೆಗೆ ನಡೆಯುವ ಆಫೀಸು ಕಂಡವರು ಬರೆದದ್ದು. ನಮ್ಮಲ್ಲಿ ಹಂಗಾಮು ಶುರುವಾದರೆ ರಾತ್ರಿ ಎಂಬುದೇ ಇಲ್ಲ. ಹಗಲು ಕಡಿದ ಕಬ್ಬು ಸಂಜೆಗೆ ಗಾಡಿ ಏರಿ ಹೊರಟು, ಅಂಗಳಕ್ಕೆ ಬಂದು ಪಾಳಿ ಹಿಡಿದು, ಕಾಟಾ ಹತ್ತುವ ಹೊತ್ತಿಗೆ ನಡುರಾತ್ರಿ ದಾಟಿರುತ್ತದೆ. ಗಾಣ ನಿಲ್ಲುವಂತಿಲ್ಲ, ಹಾಗಾಗಿ ಕಾಟಾ ನಿಲ್ಲುವಂತಿಲ್ಲ. ನಿಂತ ಕಬ್ಬು ಒಣಗುತ್ತದೆ, ಒಣಗಿದಷ್ಟೂ ತೂಕ ಇಳಿಯುತ್ತದೆ, ಇಳಿದ ತೂಕ ರೈತನ ಕಿಸೆಯದು. ಹಾಗೆ ನೋಡಿದರೆ ಸರ್ವರಿಗೆ ಅತಿ ಬಿಡುವು ಇರುವುದು ಬೆಳಿಗ್ಗೆ ಪಾಳಿ ಬದಲಾಗುವಾಗ, ಕಾಟಾಮನೆಯಲ್ಲಿ ಚಹಾ ಬಂದು, ಇಳಿದವನು ಏರಿದವನಿಗೆ ಲೆಕ್ಕ ಒಪ್ಪಿಸುವ ಆ ಕಾಲು ಗಂಟೆ. ಯಾವ ಕೈಪಿಡಿಯೂ ಇದನ್ನು ಹೇಳುವುದಿಲ್ಲ, ಕಾಟಾದ ಆಪರೇಟರು ಹೇಳುತ್ತಾನೆ.

ಕಾಟಾದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ಗಾಡಿಗೆ ಎರಡು ತೂಕ: ಬರುವಾಗ ಭರ್ತಿ ತೂಕ, ಕಬ್ಬು ಇಳಿಸಿ ಹೋಗುವಾಗ ಖಾಲಿ ತೂಕ. ಎರಡರ ವ್ಯತ್ಯಾಸವೇ ರೈತನ ಕಬ್ಬು. ನಡುವೆ ಗಂಟೆಗಟ್ಟಲೆ ಅಂತರ ಇರಬಹುದು. ಸ್ನ್ಯಾಪ್‌ಶಾಟ್ ಆ ಅಂತರದಲ್ಲೇ ಬಿದ್ದು, ಮುಂದೆ ಎಂದೋ ಅದರಿಂದಲೇ ಲೆಕ್ಕ ಮರುಸ್ಥಾಪಿಸಬೇಕಾಗಿ ಬಂದರೆ, ಅಂಗಳದಲ್ಲಿದ್ದ ಅಷ್ಟೂ ಗಾಡಿಗಳಿಗೆ ಭರ್ತಿಯಿದೆ, ಖಾಲಿಯಿಲ್ಲ. ಕಂಪ್ಯೂಟರಿನ ದೃಷ್ಟಿಯಲ್ಲಿ ಆ ದತ್ತಾಂಶ ಸರಿಯಾಗಿದೆ, ಒಂದು ಅಕ್ಷರವೂ ಕೆಟ್ಟಿಲ್ಲ. ರೈತನ ದೃಷ್ಟಿಯಲ್ಲಿ ಅದು ಕಾಟಾ ಮೋಸ. ತೂಕದ ಬಗ್ಗೆ ರೈತರಿಗೆ ಇರುವ ಸಂಶಯ ಇವತ್ತಿನದಲ್ಲ, ನಡುರಾತ್ರಿ ಸರ್ವರ್ ನಿಂತ ಪ್ರತಿ ಸಲ ಅದಕ್ಕೆ ನೀರೆರೆದ ಹಾಗಾಗುತ್ತದೆ. "ಕರೆಂಟ್ ಹೋಗಿತ್ತು" ಎಂಬ ಉತ್ತರ ಅಲ್ಲಿ ಯಾರನ್ನೂ ಸಮಾಧಾನಪಡಿಸುವುದಿಲ್ಲ, ಏಕೆಂದರೆ ಅಂಗಳದ ದೀಪಗಳು ಉರಿಯುತ್ತಲೇ ಇದ್ದವು.

ಸರ್ಕಾರಿ ಕಚೇರಿಗಳ "ಸರ್ವರ್ ಇಲ್ರಿ" ಬೇರೆ ಪ್ರಕರಣ. 2000ದ ಸುಮಾರಿಗೆ ಭೂಮಿ ಯೋಜನೆ ಬಂದಾಗ ಪಹಣಿ ಕೊಡುವ ಕಂಪ್ಯೂಟರು ತಾಲೂಕು ಕಚೇರಿಯಲ್ಲೇ ಕೂತಿತ್ತು, ಈಗ ಕಾಗವಾಡ, ನಿಪ್ಪಾಣಿಯಂಥ ಹೊಸ ತಾಲೂಕಿನ ಕಿಟಕಿಗೂ ಉತ್ತರ ಬರಬೇಕಾದದ್ದು ಬೆಂಗಳೂರಿನಿಂದ. 2025ರ ಆರಂಭದಲ್ಲಿ ನೋಂದಣಿಯ ಕಾವೇರಿ 2.0 ನಿಂತಾಗ ಸರ್ಕಾರ ಕಾರಣವನ್ನು ಹುಡುಕಿ ಹೇಳಿತು: ಹೊರಗಿನಿಂದ ಸುಳ್ಳು ಕೋರಿಕೆಗಳ ದಾಳಿ. ಉಳಿದ ದಿನಗಳಲ್ಲಿ ಜನರಿಗೆ ಸಿಗುವುದು ಎರಡು ಪದಗಳ ಉತ್ತರವಷ್ಟೇ. ನಮ್ಮ ಲಾಗ್ ಬುಕ್ಕಿನ ಒಂದು ಪದಕ್ಕಿಂತ ಅದು ಒಂದು ಪದ ಉದಾರ.

ಕಾರಣ ಗೊತ್ತಾದ ಮೇಲೆ ಆಡಳಿತದವರು ಕೊಟ್ಟ ಪರಿಹಾರ ನಿರೀಕ್ಷಿತವೇ: "ಹಂಗಾರ ಆ ಸ್ನ್ಯಾಪ್‌ಶಾಟ್ ಬಂದ್ ಮಾಡಿಬಿಡ್ರಿ." ಹಲ್ಲುನೋವಿಗೆ ಊಟ ಬಿಟ್ಟಂತೆ. ಡಿಸ್ಕಿನ ಫೈಲುಗಳಿಗೆಲ್ಲ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದ ದಿನ, ನಿನ್ನೆಯ ಸ್ಥಿತಿಗೆ ಹೋಗಲು ಮೊದಲು ಕೈಗೆ ಸಿಗುವುದು ಅದೇ ಸ್ನ್ಯಾಪ್‌ಶಾಟ್. ಇನ್ನೊಂದು ತುದಿಯವರು ಇನ್ನೂ ಅಪಾಯಕಾರಿ: ಸ್ನ್ಯಾಪ್‌ಶಾಟ್ ಇದೆಯಲ್ಲ, ಬೇರೆ ಬ್ಯಾಕಪ್ ಯಾಕೆ ಎನ್ನುವವರು. ಇವರಿಗೆ 2019ರ ಆಗಸ್ಟ್ ನೆನಪಿಸಬೇಕು. ಕುಡಚಿ-ಉಗಾರ ಸೇತುವೆ ನೀರಿನಡಿ ಹೋಗಿ, ಹೊಳೆದಂಡೆಯ ಊರುಗಳಿಗೆ ದೋಣಿ ಬಂದ ತಿಂಗಳು ಅದು. ಮಹಾಪೂರ 2005ರಲ್ಲೂ ಬಂದಿತ್ತು, 2021ರಲ್ಲಿ ಮತ್ತೆ ಬಂತು. ನಕಲು ವಹಿಯನ್ನು ಮೂಲ ವಹಿಯ ಪೆಟ್ಟಿಗೆಯಲ್ಲೇ ಇಟ್ಟರೆ ಹೊಳೆಗೆ ಎರಡೂ ಒಂದೇ ತುತ್ತು. ಸ್ನ್ಯಾಪ್‌ಶಾಟಿನಿಂದ ನಿರಾಳವಾಗಿ ಓದಿ ಬೇರೊಂದು ಊರಿಗೆ, ಎತ್ತರದ ಊರಿಗೆ, ಪ್ರತಿ ಕಳಿಸಿದ ಮೇಲೆಯೇ ಅದಕ್ಕೆ ಬ್ಯಾಕಪ್ ಎನ್ನಬಹುದು. ಕಳಿಸಿದ ಮೇಲೆ ಸ್ನ್ಯಾಪ್‌ಶಾಟನ್ನು ಅಳಿಸಲೂ ಬೇಕು, ಇಟ್ಟುಕೊಂಡಷ್ಟು ದಿನ ಹೊರೆ. ತಮ್ಮ ವರ್ಚುವಲ್ ಯಂತ್ರದ ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ ಎಂದು ವಿಎಂವೇರ್‌ನವರೇ ಹೇಳುತ್ತಾರೆ. ವರ್ಷ ಹಳೆಯದನ್ನು ಜೋಪಾನವಾಗಿ ಇಟ್ಟುಕೊಂಡು ಯಂತ್ರ ನಿಧಾನವಾಯಿತೆಂದು ಗೊಣಗುವವರನ್ನು ನಾನು ನಿಪ್ಪಾಣಿಯಲ್ಲೂ ಕಂಡಿದ್ದೇನೆ, ಅಥಣಿಯಲ್ಲೂ.

ದುರಸ್ತಿಗೆ ಹಿಡಿದದ್ದು ಅರ್ಧ ದಿನ. ಲಾಗ್ ಫೈಲನ್ನು ಬೇರೆ ಡಿಸ್ಕಿಗೆ ಎತ್ತಿದೆ. ಸ್ನ್ಯಾಪ್‌ಶಾಟನ್ನು ಪಾಳಿ ಬದಲಾಗುವ ಹೊತ್ತಿಗೆ ಸರಿಸಿದೆ. ಫ್ರೀಜ್ ಮಾಡುವ ಮೊದಲೇ ಹಿನ್ನೆಲೆಯಲ್ಲಿ ಇನ್ನೊಬ್ಬ ಕಾವಲುಗಾರನನ್ನು ಎಬ್ಬಿಸಿ ಕೂರಿಸುತ್ತೇನೆ: ಏನೇ ಆಗಲಿ, 20 ಸೆಕೆಂಡಿಗೆ ಫ್ರೀಜ್ ಬಿಡಿಸುವುದಷ್ಟೇ ಅವನ ಕೆಲಸ, ಅವನು ಯಾವ ಫೈಲಿಗೂ ಒಂದು ಅಕ್ಷರ ಬರೆಯುವುದಿಲ್ಲ. ಅವನು ಬಿಡಿಸಬೇಕಾಗಿ ಬಂದ ದಿನದ ಸ್ನ್ಯಾಪ್‌ಶಾಟು ಲೆಕ್ಕಕ್ಕಿಲ್ಲ, ರದ್ದು. ಆಪರೇಟರಿಗೆ ಕೀಲಿಮಣೆಯ ಮೇಲೆ ಮೂರು ಗುಂಡಿ ತೋರಿಸಿಕೊಟ್ಟೆ: ಆಲ್ಟ್, ಸಿಸ್‌ರಿಕ್ಯೂ, ಜೆ. ಲಿನಕ್ಸಿನಲ್ಲಿ ಈ ಸೌಲಭ್ಯಕ್ಕೆ ಅನುಮತಿ ಕೊಟ್ಟಿದ್ದರೆ ಮೂರನ್ನೂ ಒಟ್ಟಿಗೆ ಒತ್ತಿದಾಗ ಹಿಡಿದಿಟ್ಟ ಫೈಲ್ ಸಿಸ್ಟಂಗಳೆಲ್ಲ ಬಿಡುಗಡೆಯಾಗುತ್ತವೆ. ಇದು ಎಷ್ಟೋ ವರ್ಷಗಳಿಂದ ಅಲ್ಲೇ ಇತ್ತು. ಆ ಐದು ರಾತ್ರಿ ಪವರ್ ಬಟನ್ ಒತ್ತುವ ಬದಲು ಇದನ್ನು ಒತ್ತಿದ್ದರೆ ಯಂತ್ರ ಏನೂ ಆಗಿಲ್ಲವೆಂಬಂತೆ ಕೆಲಸ ಮುಂದುವರಿಸುತ್ತಿತ್ತು. ಕಟ್ಟುನಿಟ್ಟಾಗಿ ಹೇಳಬೇಕೆಂದರೆ ಅದು ಒಂದು ಸಲವೂ ಬಿದ್ದಿರಲಿಲ್ಲ, ಬಿಡು ಎನ್ನುವ ಮಾತಿಗೆ ಕಾಯುತ್ತಿತ್ತು. ಬೀಳಿಸಿದ್ದು ನನ್ನ ಫೋನು ಮತ್ತು ಅವನ ಬೆರಳು.

ಮರುವರ್ಷದ ಹಂಗಾಮಿನ ಒಂದು ಬೆಳಿಗ್ಗೆ, ಬಿಲ್ಲಿನ ವರದಿ ರಾತ್ರಿ ಮುಗಿಯದೆ ಹಗಲಿಗೂ ಎಳೆದುಕೊಂಡು ಬಂದಿತ್ತು. ಸ್ನ್ಯಾಪ್‌ಶಾಟ್ ತಡವಾಯಿತು, 20 ಸೆಕೆಂಡಿಗೆ ಕಾವಲುಗಾರ ಫ್ರೀಜ್ ಬಿಡಿಸಿದ, ಆ ದಿನದ ಸ್ನ್ಯಾಪ್‌ಶಾಟ್ ರದ್ದಾಯಿತು. ಕಾಟಾ ಒಂದು ಗಾಡಿಯಷ್ಟೂ ತಡೆಯಲಿಲ್ಲ, ಯಾರೂ ಫೋನು ಮಾಡಲಿಲ್ಲ. ಮಧ್ಯಾಹ್ನ ಹೋದವನು ಲಾಗ್ ಬುಕ್ಕು ತೆರೆದು ನೋಡಿದೆ. ತಾರೀಕು, ಸಮಯ, "ಸ್ನ್ಯಾಪ್‌ಶಾಟ್ ಆಗಿಲ್ಲ" ಎಂಬ ಟಿಪ್ಪಣಿ, ಎಲ್ಲವನ್ನೂ ಆಪರೇಟರು ಚೊಕ್ಕವಾಗಿ ತುಂಬಿದ್ದ. ಕಾರಣದ ಅಂಕಣದಲ್ಲಿ ಬರೆದಿದ್ದ: ಕರೆಂಟ್.